ದಡದಿಂದ ಕಡಲಿಗೆ: ಗಾಳ ಬೀಸಿದವರ ಚರಿತ್ರೆ

ಕಡಲ ದಂಡೆಯಲ್ಲಿ ಗಾಳ ಹಿಡಿದು ನಿಂತವನ ಕಷ್ಟ ಒಂದೇ. ಮೀನು ಅಲ್ಲಿದೆ, ತಾನು ಇಲ್ಲಿದ್ದಾನೆ. ನಡುವೆ ನೊರೆ ಕಾರುತ್ತ ಒಡೆಯುವ ಅಲೆಗಳ ಪಟ್ಟಿ. ದೋಣಿಯಿದ್ದವನು ಆ ಪಟ್ಟಿಯನ್ನು ದಾಟಿ ಹೋಗುತ್ತಾನೆ. ದೋಣಿಯಿಲ್ಲದವನು ಗಾಳದ ದಾರಕ್ಕೆ ಸೀಸದ ಗುಂಡೊಂದನ್ನು ಕಟ್ಟಿ ಎಸೆಯಬೇಕು. ಹೀಗೆ ಎಸೆಯುವ ವಿದ್ಯೆಗೂ ಒಂದು ಚರಿತ್ರೆಯಿದೆ. ರಾಜರ, ಯುದ್ಧಗಳ ಚರಿತ್ರೆಯಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಭೌತವಿಜ್ಞಾನದ ಪಾಠ ಓದುವವರಿಗೆ ಅದು ರುಚಿಸಬೇಕು. ಇದರಲ್ಲಿ ಒಂದು ಸೋಜಿಗವೂ ಇದೆ. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಕಡಲ ಮೀನುಗಾರರು ಕಡಿಮೆ. ಗಡಿಯಾರ ಮಾಡುವವರು, ಬಟ್ಟೆ ಗಿರಣಿಯ ಮನೆತನದವರು, ರಸಾಯನಶಾಸ್ತ್ರಜ್ಞರು, ಸೈಕಲ್ಲಿನ ಬಿಡಿಭಾಗ ಮಾಡುವವರು ಹೆಚ್ಚು.

ಮೊದಲು ಬರಿಗೈಯಿಂದ ಆರಂಭಿಸೋಣ. ಉತ್ತರ ಕರ್ನಾಟಕದ ಜೋಳದ ಹೊಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕೈಯಿಂದ ಎಸೆದ ಕಲ್ಲಿಗಿಂತ ಕವಣೆಯ ಕಲ್ಲು ಎಷ್ಟೋ ದೂರ ಹೋಗುತ್ತದೆ. ತೋಳು ಅದೇ, ಕಲ್ಲೂ ಅದೇ. ಕಲ್ಲು ತಿರುಗುವ ವೃತ್ತ ಮಾತ್ರ ದೊಡ್ಡದಾಗಿದೆ. ತೋಳು ಅಷ್ಟೇ ಬೇಗ ತಿರುಗಿದರೂ ವೃತ್ತದ ಅಂಚಿನಲ್ಲಿರುವ ಕಲ್ಲಿನ ವೇಗ ಹೆಚ್ಚುತ್ತದೆ. ಕೈದಾರದ ಗಾಳಗಾರರು ಮಾಡುತ್ತಿದ್ದುದೂ ಇದನ್ನೇ. ದಾರದ ತುದಿಯ ಸೀಸವನ್ನು ಒಂದು ಮಾರು ಇಳಿಬಿಟ್ಟು, ಪಕ್ಕದಲ್ಲಿ ಗಿರ್ರನೆ ತಿರುಗಿಸಿ, ಸರಿಯಾದ ಕ್ಷಣಕ್ಕೆ ಬಿಟ್ಟುಬಿಡುವುದು. ಉಳಿದ ದಾರ ಕಾಲ ಬುಡದ ಮರಳಿನ ಮೇಲೆ ಸುರುಳಿಯಾಗಿ ಬಿದ್ದಿರುತ್ತಿತ್ತು. ಒಂದು ಕಪ್ಪೆಚಿಪ್ಪು, ಒಂದು ಕಡ್ಡಿ ಅಡ್ಡ ಬಂದರೆ ಸಾಕು, ಎಸೆತ ಅಲ್ಲಿಗೇ ನಿಂತಿತು. ಈ ರೀತಿಯಲ್ಲಿ 50 ಮೀಟರ್ ದಾಟಿಸುವುದು ಬಲಶಾಲಿಗೂ ಕಷ್ಟ.

ಕೈಗೆ ಉದ್ದನೆಯ ಕೋಲು ಬಂದಾಗ ವೃತ್ತ ಇನ್ನೂ ದೊಡ್ಡದಾಯಿತು. ಕೋಲು ಬಾಗುವಂಥದ್ದಾದ್ದರಿಂದ ಅದು ಸನ್ನೆಕೋಲೂ ಹೌದು, ಸ್ವಲ್ಪಮಟ್ಟಿಗೆ ಬಿಲ್ಲೂ ಹೌದು. ಸೀಸಕ್ಕೆ ವೇಗ ಬಂತು. ಆದರೆ ಆ ವೇಗದಲ್ಲಿ ಓಡುವ ಸೀಸಕ್ಕೆ ಅಷ್ಟೇ ವೇಗದಲ್ಲಿ ದಾರ ಕೊಡುವುದು ಹೇಗೆ? ಮುಂದಿನ ನೂರೈವತ್ತು ವರ್ಷ ಎಲ್ಲರೂ ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಗೆ.

ಅಮೆರಿಕದ ಕೆಂಟಕಿ ಪ್ರಾಂತದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕನಿದ್ದ. ಆ ಊರು ಕಡಲಿನಿಂದ ನೂರಾರು ಮೈಲಿ ದೂರ. ಸಿಹಿನೀರಿನ ಮೀನು ಹಿಡಿಯುವ ಹವ್ಯಾಸದ ಈತ 19ನೇ ಶತಮಾನದ ಆರಂಭದಲ್ಲಿ ಗಡಿಯಾರದ ಹಲ್ಲುಚಕ್ರಗಳನ್ನೇ ಬಳಸಿ ಒಂದು ರೀಲು ಮಾಡಿದ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಮೂರು ನಾಲ್ಕು ಸುತ್ತು ತಿರುಗುತ್ತಿತ್ತು. ಹೀಗೆ ಸುತ್ತುಗಳನ್ನು ಗುಣಿಸುವುದರಿಂದ ಇದಕ್ಕೆ ಮಲ್ಟಿಪ್ಲೈಯರ್ ಎಂದು ಹೆಸರಾಯಿತು. ನಯವಾದ ಅಚ್ಚುಗಳ ಮೇಲೆ ಕುಳಿತ ಉರುಳೆ ಎಸೆಯುವಾಗ ಹಿಂದಕ್ಕೂ ಸಲೀಸಾಗಿ ತಿರುಗುತ್ತಿತ್ತು; ಕಡಲಿನವರಿಗೆ ಬೇಕಾಗಿದ್ದುದು ಮುಖ್ಯವಾಗಿ ಈ ಗುಣ.

ಅದು ಕಡಲಿಗೆ ಬಂದಾಗ ಏನಾಯಿತೆಂದು ನೋಡಲು ಮ್ಯಾಸಚೂಸೆಟ್ಸ್ ತೀರದ ಕಟಿಹಂಕ್ ಎಂಬ ಪುಟ್ಟ ದ್ವೀಪಕ್ಕೆ ಹೋಗಬೇಕು. 1864ರಲ್ಲಿ ನ್ಯೂಯಾರ್ಕಿನ ಸಿರಿವಂತರು ಅಲ್ಲೊಂದು ಮೀನು ಹಿಡಿಯುವ ಕ್ಲಬ್ಬು ಕಟ್ಟಿದರು. ಅವರ ಗುರಿ ಬಂಡೆಗಳ ಸಂದಿಯ ನೊರೆಯಲ್ಲಿ ಆಡುವ ದೊಡ್ಡ ಪಟ್ಟೆ ಬಾಸ್ ಮೀನು. ಎಸೆತ ದೂರ ಹೋಗದಿದ್ದರೆ ಮನುಷ್ಯನೇ ಮುಂದೆ ಹೋಗಬೇಕಷ್ಟೆ! ಅವರು ಬಂಡೆಗಳಿಗೆ ಕಬ್ಬಿಣದ ಸರಳು ನೆಟ್ಟು, ಮೇಲೆ ಹಲಗೆ ಹಾಸಿ, ಅಲೆಗಳ ಮೇಲಕ್ಕೆ ಚಾಚಿದ ಕಿರಿದಾದ ಕಟ್ಟೆಗಳನ್ನು ಮಾಡಿಕೊಂಡರು. ಯಾವ ಕಟ್ಟೆ ಯಾರಿಗೆ ಎಂದು ಹಿಂದಿನ ಸಂಜೆಯೇ ಚೀಟಿ ಎತ್ತುತ್ತಿದ್ದರು. ಗಾಳಕ್ಕೆ ಎರೆ ಚುಚ್ಚಲು, ಮೀನುಗಳನ್ನು ಸೆಳೆಯಲು ಕಡಲೇಡಿಯ ಮಾಂಸದ ಚೂರುಗಳನ್ನು ನೀರಿಗೆ ಎರಚಲು ಒಬ್ಬ ಆಳು ಜೊತೆಗಿರುತ್ತಿದ್ದ. ಹುರಿಹಾಕಿದ ಲಿನನ್ ದಾರಕ್ಕೆ ಅಮೆರಿಕದಲ್ಲಿ ಬಹಳ ಕಾಲ ಕಟಿಹಂಕ್ ದಾರ ಎಂದೇ ಹೆಸರಿತ್ತು. ಆ ದಾರವನ್ನು ದಿನವೂ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಉಪ್ಪಿನ ತೇವಕ್ಕೆ ಕೊಳೆತುಹೋಗುತ್ತಿತ್ತು.

ಮಲ್ಟಿಪ್ಲೈಯರಿಗೆ ಒಂದು ದೊಡ್ಡ ಕೆಡುಕಿತ್ತು, ಈಗಲೂ ಇದೆ. ಸೀಸ ಹಾರುವಾಗ ಉರುಳೆ ತಿರುಗುತ್ತದೆ. ಗಾಳಿಯ ತಡೆಯಿಂದ ಸೀಸದ ವೇಗ ಕುಗ್ಗುತ್ತದೆ; ಆದರೆ ಉರುಳೆ ಜಡತ್ವದಿಂದ ಹಿಂದಿನ ವೇಗದಲ್ಲೇ ತಿರುಗುತ್ತಿರುತ್ತದೆ. ಹೊರಗೆ ಹೋಗಬೇಕಾದುದಕ್ಕಿಂತ ಹೆಚ್ಚು ದಾರ ಬಿಚ್ಚಿಕೊಂಡು ಕಣ್ಣೆವೆ ಮುಚ್ಚುವುದರೊಳಗೆ ಗೋಜಲಾಗುತ್ತದೆ. ಇಂಗ್ಲಿಷ್ ಗಾಳಗಾರರು ಇದನ್ನು ಹಕ್ಕಿಗೂಡು ಎನ್ನುತ್ತಾರೆ. ಇದನ್ನು ತಡೆಯಲು ಹೆಬ್ಬೆರಳನ್ನು ಉರುಳೆಯ ಮೇಲೆ ಹೂವಿನಂತೆ ಆಡಿಸಬೇಕು. ಕಲಿಯಲು ವರ್ಷಗಳೇ ಬೇಕು.

ಉರುಳೆ ತಿರುಗುವುದೇ ತೊಂದರೆಯಾದರೆ ಅದನ್ನು ತಿರುಗಿಸದೆ ಇರಬಾರದೇಕೆ? ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ 1884ರಲ್ಲಿ ಒಂದು ರೀಲಿಗೆ ಪೇಟೆಂಟು ಪಡೆದ. ಎಸೆಯುವಾಗ ಅದರ ಉರುಳೆಯನ್ನು ಕಾಲು ಸುತ್ತು ಪಕ್ಕಕ್ಕೆ ಹೊರಳಿಸಿದರೆ ಅದರ ಮುಖ ಕೋಲಿನ ತುದಿಯ ಕಡೆಗೆ ತಿರುಗುತ್ತಿತ್ತು. ದಾರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತಿತ್ತು, ಉರುಳೆ ಅಲುಗುತ್ತಿರಲಿಲ್ಲ. ಮತ್ತೆ ನೆಟ್ಟಗೆ ಹೊರಳಿಸಿ ದಾರ ಸುತ್ತಿಕೊಳ್ಳುವುದು. 1905ರಲ್ಲಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಒಂದು ಹೆಜ್ಜೆ ಮುಂದೆ ಹೋದ. ಈತ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಮನೆತನದವನು. ಗಿರಣಿಯಲ್ಲಿ ನಿಂತಲ್ಲೇ ನಿಂತ ಕಂಡಿಕೆಯ ತುದಿಯಿಂದ ನೂಲು ಸರಸರನೆ ಬಿಚ್ಚಿಕೊಳ್ಳುತ್ತದಲ್ಲ, ರೀಲಿನಲ್ಲೂ ಅದನ್ನೇ ತಂದ. ಉರುಳೆ ಸದಾ ಸ್ಥಿರ. ದಾರವನ್ನು ವಾಪಸು ಸುತ್ತಲು ಅದರ ಸುತ್ತ ತಿರುಗುವ ಒಂದು ಕೊಂಡಿ. ಇಂದು ನಮ್ಮ ಅಂಗಡಿಗಳಲ್ಲಿ ಸ್ಪಿನ್ನಿಂಗ್ ರೀಲು ಎಂದು ಮಾರುವುದು ಇದರದ್ದೇ ಸಂತತಿ. ಮ್ಯಾಲಕ್‌ನ ದಾರಿಯೂ ಮುಚ್ಚಿಹೋಗಲಿಲ್ಲ. 1920ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಚಾರ್ಲ್ಸ್ ಆಲ್ವಿ ಅಂಥದೇ ಹೊರಳು ರೀಲುಗಳನ್ನು ಮಾಡತೊಡಗಿದ. ಹಲ್ಲುಚಕ್ರಗಳ ಗೊಡವೆಯಿಲ್ಲದ ದೊಡ್ಡ ಉರುಳೆ. ಮರಳಿನಲ್ಲಿ ಬಿದ್ದರೆ ಕಡಲ ನೀರಿನಲ್ಲೇ ಅದ್ದಿ ತೊಳೆದು ಮತ್ತೆ ಬಳಸಬಹುದು. ಜಾಣತನಕ್ಕಿಂತ ಗಟ್ಟಿತನಕ್ಕೆ ಅಂಕ ಕೊಡುವುದಾದರೆ ನನ್ನ ಅಂಕ ಆಲ್ವಿಗೆ.

ದಾರದ ಕತೆ ಬೇರೆ. ಅಮೆರಿಕದ ಡ್ಯುಪಾಂಟ್ ಕಂಪೆನಿಯ ವ್ಯಾಲೇಸ್ ಕ್ಯಾರದರ್ಸ್‌ನ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. 1938ರಲ್ಲಿ ಕಂಪೆನಿ ಅದನ್ನು ಲೋಕಕ್ಕೆ ಸಾರುವ ಹೊತ್ತಿಗೆ ಕ್ಯಾರದರ್ಸ್ ಬದುಕಿರಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ, ಹೆಂಗಸರ ಕಾಲುಚೀಲವಾಗಿ ಹೆಸರು ಮಾಡಿದ ಈ ವಸ್ತು ಎರಡನೆಯ ಮಹಾಯುದ್ಧದ ನಂತರ ಗಾಳಗಾರರ ಕೈಗೆ ಧಾರಾಳವಾಗಿ ಸಿಕ್ಕಿತು. ಒಂಟಿ ಎಳೆ, ನುಣುಪು ಮೈ, ನೀರಿಗೆ ಕೊಳೆಯುವುದಿಲ್ಲ, ಅದೇ ಬಲಕ್ಕೆ ಲಿನನ್ನಿಗಿಂತ ತೆಳು. ಅದೇ ಕಾಲಕ್ಕೆ ಬಿದಿರಿನ ಕೋಲಿನ ಜಾಗಕ್ಕೆ ಗಾಜಿನೆಳೆಯ ಕೋಲು ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ ಗಟ್ಟಿಯಾದ ಇಂಗಾಲದೆಳೆ ತಯಾರಿಸುವ ವಿಧಾನ ಸಿದ್ಧವಾಯಿತು. ಅದೂ 1970ರ ದಶಕದಲ್ಲಿ ಮೀನಿನ ಕೋಲಾಯಿತು.

ಸಲಕರಣೆ ಬಂದಮೇಲೆ ಎಸೆಯುವ ಮೈಯೂ ಹೊಸ ಪಾಠ ಕಲಿಯಬೇಕಾಯಿತು. ಅಲ್ಲಿಯವರೆಗೆ ಕೋಲನ್ನು ತಲೆಯ ಮೇಲಿಂದ ಹಿಂದಕ್ಕೊಯ್ದು ಮುಂದಕ್ಕೆ ಬೀಸುವುದೇ ರೂಢಿ. ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಡಂಜನೆಸ್ ಎಂಬ ಬೆಣಚುಕಲ್ಲಿನ ತೀರದಲ್ಲಿ ಚಳಿಗಾಲದ ಕಾಡ್ ಮೀನಿಗೆ ಗಾಳ ಹಾಕುತ್ತಿದ್ದ ಎತ್ತರದ ಆಳು ಲೆಸ್ಲಿ ಮಾಂಕ್ರೀಫ್ 1960ರ ಆಸುಪಾಸಿನಲ್ಲಿ ಬೇರೆಯದೇ ಭಂಗಿಯನ್ನು ಪ್ರಚುರಪಡಿಸಿದ. ಸಮುದ್ರಕ್ಕೆ ಹೆಚ್ಚುಕಡಿಮೆ ಬೆನ್ನು ಮಾಡಿ ನಿಂತು, ಕೋಲನ್ನು ಹಿಂದಕ್ಕೆ ತಗ್ಗಿಸಿ, ದೇಹದ ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಸೊಂಟದಿಂದ ಮೇಲೆ ತಿರುಗುತ್ತ ಎಸೆಯುವುದು. ತೋಳಿನ ಕೆಲಸವನ್ನು ಇಡೀ ಮೈ ವಹಿಸಿಕೊಂಡಿತು. ಅವನ ಎಸೆತ ಜಗ್ಗಾಟವಿಲ್ಲದ ಒಂದೇ ಓಘವಾಗಿತ್ತು.

ಸೀಸವನ್ನು ಹಿಂದೆ ಮರಳಿನ ಮೇಲೆ ಮಲಗಿಸಿ ಅಲ್ಲಿಂದಲೇ ಎಳೆದು ಎಸೆಯುವ ಪದ್ಧತಿಗೆ ದಕ್ಷಿಣ ಆಫ್ರಿಕದ ಹೆಸರು ಅಂಟಿಕೊಂಡಿದೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಮೆರೆದದ್ದು ಲೋಲಕದ ಎಸೆತ. ಕೋಲಿನ ತುದಿಯಿಂದ ಸೀಸವನ್ನು ಒಂದೂವರೆ ಎರಡು ಮೀಟರ್ ಇಳಿಬಿಟ್ಟು, ಮುಂದಕ್ಕೊಮ್ಮೆ ತೂಗಿ, ಹಿಂದಕ್ಕೆ ಮೇಲೇರಿಸಿ, ಅದು ಮೇಲಿನ ತುದಿಯಲ್ಲಿ ಒಂದು ಗಳಿಗೆ ನಿಂತಂತೆ ಕಾಣುವಾಗ ಚಕ್ರ ಎಸೆಯುವವನಂತೆ ಮೈ ತಿರುಗಿಸುವುದು. ಕೊನೆಯ ಬಲ ಬೀಳುವ ಮೊದಲೇ ಕೋಲು ಬಾಗಿರುತ್ತದೆ. ಸೀಸ ಕ್ರಮಿಸುವ ಕಂಸವೂ ಉದ್ದ. ಮತ್ತೆ ಕವಣೆಗೇ ಬಂದೆವು, ನೋಡಿ. ಈ ವಿಧಾನದಿಂದ ಸ್ಪರ್ಧೆಯ ಮೈದಾನಗಳಲ್ಲಿ ಎಸೆತ 200 ಮೀಟರ್ ದಾಟಿತು. ಹೌದು, ಮೈದಾನ! ನೀರೂ ಇಲ್ಲ, ಮೀನೂ ಇಲ್ಲ. ಹುಲ್ಲಿನ ಮೇಲೆ ಬರೀ ಸೀಸ ಎಸೆದು ಟೇಪು ಹಿಡಿದು ಅಳೆಯುವ ಸ್ಪರ್ಧೆಗಳು. ಅಲ್ಲಿ ಬಹಳ ಮಂದಿಯ ಕೈಯಲ್ಲಿದ್ದುದು ಸ್ವೀಡನ್ನಿನ ಆಬು ಕಂಪೆನಿಯ ಪುಟ್ಟ ಮಲ್ಟಿಪ್ಲೈಯರ್. ಆ ಕಂಪೆನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಟ್ಯಾಕ್ಸಿ ಮೀಟರನ್ನೂ ಮಾಡುತ್ತಿತ್ತು. ಯುದ್ಧ ಬಂದು ಮೀಟರಿನ ವ್ಯಾಪಾರ ಕುಸಿದಾಗ ಮೀನಿನ ರೀಲಿನತ್ತ ತಿರುಗಿತು. ಸ್ನೈಡರನ ವಿದ್ಯೆ ಮತ್ತೆ ಗಡಿಯಾರದವರ ಕೈಗೇ ಬಂದಂತಾಯಿತು.

ಸ್ವಲ್ಪ ಲೆಕ್ಕ ಮಾಡೋಣ. ಸೀಸದ ತೂಕ 150 ಗ್ರಾಂ, ಅದು ಹೊರಡುವ ವೇಗ ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಳ್ಳಿ. ಕ್ರಿಕೆಟ್ ಚೆಂಡಿನ ತೂಕವೂ ಹತ್ತಿರ ಹತ್ತಿರ ಇಷ್ಟೇ. 2003ರ ವಿಶ್ವಕಪ್ಪಿನಲ್ಲಿ ಶೋಯಬ್ ಅಖ್ತರ್ ಎಸೆದ ಚೆಂಡಿನ ವೇಗ ಗಂಟೆಗೆ 161.3 ಕಿ.ಮೀ.; ನಮ್ಮ ಸೀಸದ ವೇಗ 216 ಕಿ.ಮೀ. ಟಿ.ವಿ. ಕ್ಯಾಮರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸೀಸ 2.4 ಮೀಟರ್ ಹೋಗಿಬಿಟ್ಟಿರುತ್ತದೆ. ಇಂಥದ್ದನ್ನು ಪರದೆಯ ಮೇಲೆ ತೋರಿಸಲು ನಮ್ಮಂಥವರು ಒದ್ದಾಡುವುದು ಇದಕ್ಕೇ. ವೀಕ್ಷಕರಿಗೆ ಕಾಣುವುದು ಬಾಗಿದ ಕೋಲು, ಆಮೇಲೆ ನೆಟ್ಟಗಾದ ಕೋಲು, ಅಷ್ಟೆ. ಆ ಕ್ಷಣದಲ್ಲಿ 12 ಸೆಂಟಿಮೀಟರ್ ಸುತ್ತಳತೆಯ ಉರುಳೆ ಸೆಕೆಂಡಿಗೆ 500 ಸುತ್ತು ತಿರುಗಬೇಕು. ನಿಮಿಷಕ್ಕೆ 30,000! ನಿಮ್ಮ ಅಡುಗೆಮನೆಯ ಮಿಕ್ಸಿಯ ಮೋಟರು ಸುಮಾರು 20,000ಕ್ಕೇ ಅಷ್ಟು ಕೂಗುತ್ತದೆ.

ಇನ್ನೊಂದು ಲೆಕ್ಕ. 45 ಡಿಗ್ರಿ ಕೋನದಲ್ಲಿ ಆ ವೇಗದಿಂದ ಹಾರಿದ ವಸ್ತು ಗಾಳಿಯಿಲ್ಲದ ಲೋಕದಲ್ಲಿ ಸುಮಾರು 367 ಮೀಟರ್ ದೂರ ಬೀಳಬೇಕು. ಪಠ್ಯಪುಸ್ತಕದ ಸೂತ್ರ ಹಾಕಿ ನೀವೇ ನೋಡಬಹುದು. ನಿಜದಲ್ಲಿ 200 ಮೀಟರಿನ ಆಚೀಚೆ ಬೀಳುತ್ತದೆ. ಉಳಿದದ್ದನ್ನು ತಿಂದದ್ದು ಗಾಳಿ. ಅದರಲ್ಲೂ ಸೀಸಕ್ಕಿಂತ ಅದರ ಹಿಂದೆ ಬಾಲದಂತೆ ಎಳೆದುಕೊಂಡು ಹೋಗುವ ದಾರದ ಪಾಲು ದೊಡ್ಡದು. ಆದ್ದರಿಂದ ದೂರ ಬೇಕಾದವನು ತೆಳ್ಳನೆಯ ದಾರವನ್ನೇ ಹುಡುಕುತ್ತಾನೆ. ಅಪಾಯವಿರುವುದು ಇಲ್ಲೇ.

ಸೀಸ ತಿರುಗುವ ವೃತ್ತದ ತ್ರಿಜ್ಯ 5 ಮೀಟರ್ ಎಂದರೆ, ಬಿಡುವ ಕ್ಷಣದಲ್ಲಿ ಅದನ್ನು ಹಿಡಿದಿಡಲು ದಾರ ಸುಮಾರು 11 ಕಿಲೊ ಭಾರದಷ್ಟು ಜಗ್ಗಬೇಕು. ಕೈ ಸ್ವಲ್ಪ ಜರ್ಕು ಹೊಡೆದರೆ ಇನ್ನೂ ಹೆಚ್ಚು. ದೂರದ ಎಸೆತಕ್ಕೆ ಬಳಸುವ ತೆಳು ದಾರ ಆರೇಳು ಕಿಲೊಗೆ ತುಂಡಾಗುತ್ತದೆ. ತುಂಡಾದ ಮೇಲೆ ಸೀಸ ಸಮುದ್ರದ ಕಡೆಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. ವೃತ್ತದ ಯಾವ ಬಿಂದುವಿನಲ್ಲಿ ಕಡಿಯಿತೋ ಅಲ್ಲಿಯ ಸ್ಪರ್ಶರೇಖೆಯಲ್ಲಿ ಹೋಗುತ್ತದೆ. ಪಕ್ಕದಲ್ಲಿ ನಡೆದಾಡುವವರ ಕಡೆಗೆ ಹೋಗಬಹುದು. ಅದರ ಚಲನಶಕ್ತಿ 270 ಜೂಲ್. 25 ಕಿಲೊ ಅಕ್ಕಿ ಮೂಟೆಯನ್ನು ಒಂದು ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ಬೀಳಿಸಿದಷ್ಟು ಶಕ್ತಿ, ಹೆಬ್ಬೆರಳಿನ ಗಾತ್ರದ ಲೋಹದಲ್ಲಿ. ತಲೆಗೆ ಬಡಿದರೆ ಸಾವು. ಬ್ರಿಟನ್ನಿನ ಗಾಳಗಾರರು ಇದಕ್ಕೆ ಕಂಡುಕೊಂಡ ಪರಿಹಾರ ಬಲು ಸರಳ. ತೆಳುದಾರದ ತುದಿಗೆ ದಪ್ಪ ದಾರದ ಒಂದು ತುಂಡನ್ನು ಗಂಟುಹಾಕುವುದು. 150 ಗ್ರಾಂ ಸೀಸಕ್ಕೆ ಸುಮಾರು 25 ಕಿಲೊ ತಡೆಯುವ ದಾರ. ಅದು ಸೀಸದಿಂದ ಹೊರಟು ಕೋಲಿನುದ್ದ ಬಂದು ಉರುಳೆಯ ಮೇಲೂ ಆರೇಳು ಸುತ್ತು ಸುತ್ತಿರಬೇಕು. ಎಸೆತದ ಪೆಟ್ಟನ್ನೆಲ್ಲ ಅದು ತಿನ್ನುತ್ತದೆ. ಅದು ಹೊರಗೆ ಹೋದ ಮೇಲೆ ಹಿಂಬಾಲಿಸುವ ತೆಳುದಾರಕ್ಕೆ ಆ ಪೆಟ್ಟಿಲ್ಲ. ಅಲ್ಲಿಯ ಅನೇಕ ಕ್ಲಬ್ಬುಗಳ ಸ್ಪರ್ಧೆಗಳಲ್ಲಿ ಈ ತುಂಡು ಕಡ್ಡಾಯ. ಇಷ್ಟೆಲ್ಲ ತಂತ್ರಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಮಾರುದ್ದದ ದಾರ. ಇದಕ್ಕೆ ಯಾರ ಹೆಸರಿನ ಪೇಟೆಂಟೂ ಅಂಟಿಕೊಂಡಿಲ್ಲ.

ಧಕ್ಕೆಯ ಮೇಲಿಂದ ಗಾಳ ಹಾಕುವವರಿಗೆ ಲೋಲಕದ ಎಸೆತ ಸಲ್ಲದು ಎನ್ನುವುದೂ ಇದೇ ಕಾರಣಕ್ಕೆ. ಇಂಗ್ಲೆಂಡಿನ ಕಡಲೂರುಗಳಲ್ಲಿ ಹಡಗು ಹತ್ತಲು, ವಿಹರಿಸಲು ಕಟ್ಟಿದ ಉದ್ದನೆಯ ಧಕ್ಕೆಗಳಿವೆ. ಸೌತೆಂಡಿನದು ಎರಡು ಕಿಲೊಮೀಟರಿಗೂ ಉದ್ದ. ಅಲ್ಲಿ ಮಕ್ಕಳು ಮರಿಗಳು ಓಡಾಡುತ್ತಿರುತ್ತಾರೆ. ಬೆನ್ನ ಹಿಂದೆ ಸೀಸ ತೂಗಾಡಿಸಲು ಜಾಗವೆಲ್ಲಿ? ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ತಲೆಯ ಮೇಲಿಂದ ನೇರವಾಗಿ ಎಸೆಯುವ ಹಳೆಯ ಕ್ರಮವೇ ಅಲ್ಲಿ ಸರಿ. ಅಷ್ಟಕ್ಕೂ ಧಕ್ಕೆಯ ಕಂಬಗಳ ಬುಡದಲ್ಲೇ ಚಿಪ್ಪುಜೀವಿಗಳು ಮೆತ್ತಿಕೊಂಡಿರುತ್ತವೆ, ಅವನ್ನು ತಿನ್ನಲು ಮೀನುಗಳು ಅಲ್ಲಿಗೇ ಬರುತ್ತವೆ. 100 ಮೀಟರ್ ಆಚೆಗೆ ಎಸೆದವನು ಮೀನುಗಳ ತಲೆಯ ಮೇಲೆಯೇ ಎಸೆದಿರುತ್ತಾನೆ.

ನಮ್ಮ ಕರಾವಳಿಗೆ ಬರೋಣ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಭಾರತದಲ್ಲಿ ಗಾಳ ಹಾಕುವುದರ ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಹೆಸರಾಂತ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಆದರೆ ಅದರ ಮುಖ್ಯ ಆಸಕ್ತಿ ಹೊಳೆಯ ಮಶೀರ್ ಮೀನು. ಕಡಲತೀರದಿಂದ ದೂರಕ್ಕೆ ಗಾಳ ಎಸೆಯುವ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಅಗತ್ಯವೇ ಬೀಳಲಿಲ್ಲ ಎಂದು ನನ್ನ ಅನಿಸಿಕೆ. ನಮ್ಮಲ್ಲಿ ಬೀಸುವುದೆಂದರೆ ಬೀಸುಬಲೆ. ಅಂಚಿಗೆ ಲೋಹದ ಗುಂಡು ಕಟ್ಟಿದ ಆ ಬಲೆಯನ್ನು ಸೊಂಟ ತಿರುಗಿಸಿ ಎಸೆದಾಗ ಗುಂಡುಗಳು ಹೊರಕ್ಕೆ ಚಿಮ್ಮಿ ಬಲೆ ಗಾಳಿಯಲ್ಲೇ ಚಕ್ಕುಲಿಯಂತೆ ಗುಂಡಗೆ ಅರಳುತ್ತದೆ. ಮಾಂಕ್ರೀಫ್‌ನ ಸೊಂಟದ ತಿರುವು ನಮ್ಮ ಬೆಸ್ತರಿಗೆ ಹೊಸದಲ್ಲ. ದೂರದ ಮೀನಿಗೆ ರಂಪಣಿ ಇತ್ತು: ಬಲೆಯನ್ನು ದೋಣಿಯಲ್ಲಿ ಒಯ್ದು ಸುತ್ತುಹಾಕಿ, ಹತ್ತಾರು ಮಂದಿ ದಡದಿಂದ ಎಳೆಯುವುದು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು ಮೀನನ್ನು ಆಚೆಯೇ ಬಾಚಿಕೊಂಡಾಗ ದೊಡ್ಡ ರಂಪಣಿಗಳು ಮೂಲೆ ಸೇರಿದವು.

ಜಪಾನಿನ ದಂಡೆಯಿಂದ ಎಸೆದು ಹಿಡಿಯುವ ಗಾಳಗಾರಿಕೆಗೆ ಅವರ ಭಾಷೆಯಲ್ಲಿ ನಗೆಜುರಿ ಎನ್ನುತ್ತಾರೆ. ನಗೆ ಎಂದರೆ ಅಲ್ಲಿ ಎಸೆತ, ನಗುವಲ್ಲ. ಅದರ ಮುಖ್ಯ ಗುರಿ ಕಿಸು ಎಂಬ ಗೇಣುದ್ದದ ಮೀನು. ಶಾಸ್ತ್ರೀಯವಾಗಿ ಸಿಲಾಗೊ ಜಪೋನಿಕ. ನಮ್ಮ ಮಂಗಳೂರು, ಉಡುಪಿಯ ಕಡೆ ಎಲ್ಲರ ಬಾಯಲ್ಲೂ ನೀರೂರಿಸುವ ಕಾಣೆ ಮೀನು ಸಿಲಾಗೊ ಸಿಹಾಮ, ಒಂದೇ ಕುಲ. ಕಿಸುವಿಗಾಗಿ ಅವರು ಶಂಕುವಿನಾಕಾರದ ಉದ್ದ ಉರುಳೆಯ ಸ್ಪಿನ್ನಿಂಗ್ ರೀಲುಗಳನ್ನು ಮಾಡಿಕೊಂಡಿದ್ದಾರೆ. ಅಂಚಿಗೆ ದಾರ ಉಜ್ಜುವುದು ಅದರಲ್ಲಿ ಕಡಿಮೆ. ಇಂಥ ರೀಲು ಮಾಡುವ ಶಿಮಾನೊ ಕಂಪೆನಿ 1921ರಲ್ಲಿ ಸಕಾಯಿ ನಗರದಲ್ಲಿ ಸೈಕಲ್ಲಿನ ಫ್ರೀವೀಲು ಮಾಡಲು ಹುಟ್ಟಿದ್ದು. ಮೀನಿನ ಸಲಕರಣೆಗೆ ಇಳಿದದ್ದು 1970ರಲ್ಲಿ. ಕಿಸುವಿನಷ್ಟು ದೂರಕ್ಕೆ ನಮ್ಮ ಕಾಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಅಳಿವೆಯ ಆಳವಿಲ್ಲದ ಮರಳಿನಲ್ಲೇ ಇರುತ್ತದೆ, ಹೆದರಿದರೆ ಮರಳೊಳಗೆ ಹೂತುಕೊಳ್ಳುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಅಳಿವೆಬಾಗಿಲುಗಳ ಕಲ್ಲಿನ ತಡೆಗೋಡೆಗಳ ಮೇಲೂ ಇಂಗಾಲದೆಳೆಯ ಕೋಲು ಹಿಡಿದ ಯುವಕರು ಸಂಜೆ ಹೊತ್ತು ಕಾಣಸಿಗುತ್ತಾರೆ. ಅವರ ಪಕ್ಕದಲ್ಲೇ ಊರಿನ ಹುಡುಗರು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು ಬಂದಿರುತ್ತಾರೆ. ಒಂದು ಕೈಯಲ್ಲಿ ಬಾಟಲಿಯ ಬುಡ ಹಿಡಿದು ಬಾಯಿಯನ್ನು ಸಮುದ್ರದ ಕಡೆ ತೋರಿಸುತ್ತಾರೆ. ಇನ್ನೊಂದು ಕೈಯಿಂದ ಸೀಸವನ್ನು ಎರಡು ಸುತ್ತು ಬೀಸಿ ಬಿಟ್ಟುಬಿಡುತ್ತಾರೆ. ಬಾಟಲಿ ಅಲುಗುವುದಿಲ್ಲ; ದಾರ ಅದರ ಕತ್ತಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿ ಹೋಗುತ್ತದೆ, ಇಲ್ಲಿಂಗ್‌ವರ್ತ್‌ನ ರೀಲಿನಲ್ಲಿ ಹೋಗುವ ಹಾಗೆಯೇ.